ಮಗ ಕೆತ್ತಿಸಿದ ಕಲ್ಲಿನಲ್ಲಿ ಬಗಾನಿನ ರಾಣಿ

ಪ್ರಶ್ನೆ: ಬರ್ಮಾದ ಬಗಾನ್ ರಾಜ್ಯದ ದೊರೆ ಕ್ಯನ್‌ಸಿತ್ತ ತಲೆಮರೆಸಿಕೊಂಡಿದ್ದ ಕಾಲದಲ್ಲಿ ಕೈಹಿಡಿದು ಬಿಟ್ಟುಬಂದ ಹೆಣ್ಣೊಬ್ಬಳು, ಮುಂದೆ ಅವನಿತ್ತ ಉಂಗುರವನ್ನೂ ಮಗನನ್ನೂ ತೋರಿಸಿ ರಾಣಿಯಾದಳೆಂದು ಓದಿದ್ದೇನೆ. ಶಕುಂತಲೆಯ ಕಥೆಯನ್ನೇ ಹೋಲುವ ಈಕೆ ನಿಜವಾಗಿ ಬದುಕಿದ್ದವಳೇ? ಹಾಗಿದ್ದರೆ ಆಕೆಯ ಮಗನಿಗೆ ಪಟ್ಟ ಏಕೆ ದಕ್ಕಲಿಲ್ಲ?
— ಓದುಗರೊಬ್ಬರು, ಧಾರವಾಡ

ಉತ್ತರ: ಖಂಡಿತ ಬದುಕಿದ್ದವಳು. ಆದರೆ ನೀವು ಓದಿದ ಉಂಗುರದ ಕಥೆ ಬರುವುದು ಆಕೆ ತೀರಿಕೊಂಡು ಶತಮಾನಗಳಾದ ಮೇಲೆ ಸಂಕಲಿತವಾದ ಬರ್ಮೀ ರಾಜವೃತ್ತಾಂತಗಳಲ್ಲಿ. ಹೆಣ್ಣು ಹುಟ್ಟಿದರೆ ಉಂಗುರ ಮಾರಿ ಸಾಕು, ಗಂಡಾದರೆ ಉಂಗುರದೊಡನೆ ಕರೆತಾ ಎಂದು ಕ್ಯನ್‌ಸಿತ್ತ ಹೇಳಿಹೋದನೆಂದು ಅವು ವರ್ಣಿಸುತ್ತವೆ. ಅಲ್ಲಿ ಆಕೆಯ ಹೆಸರು ತಂಬುಲಾ. ಕಥೆ ಸೊಗಸಾಗಿದೆ, ಆದರೂ ಆಕೆಯನ್ನು ತಿಳಿಯಲು ನಾನು ಮೊದಲು ನೆಚ್ಚುವುದು ಬಗಾನಿನ ದಕ್ಷಿಣಕ್ಕಿರುವ ಮ್ಯಿಂಕಬಾ ಗ್ರಾಮದ ಶಾಸನವನ್ನು.

ಮ್ಯಾಜೇಡಿ ಶಾಸನವೆಂದು ಪ್ರಸಿದ್ಧವಾದ ಆ ನಾಲ್ಕು ಮುಖದ ಕಂಬವನ್ನು ಸುಮಾರು 1113ರಲ್ಲಿ ಕೆತ್ತಿಸಿದವನು ರಾಜಕುಮಾರ ಎಂಬ ಹೆಸರಿನ ಆಕೆಯ ಮಗನೇ. ಒಂದೇ ವಿಷಯವನ್ನು ಪಾಳಿ, ಮೋನ್, ಪ್ಯೂ ಮತ್ತು ಬರ್ಮೀ ಭಾಷೆಗಳಲ್ಲಿ ಬರೆಸಿದ್ದರಿಂದಲೇ, ಆಡುವವರಿಲ್ಲದೆ ಮರೆಯಾಗಿದ್ದ ಪ್ಯೂ ಭಾಷೆಯನ್ನು ವಿದ್ವಾಂಸರು 20ನೆಯ ಶತಮಾನದ ಆರಂಭದಲ್ಲಿ ಓದತೊಡಗಿದರು.

ಶಾಸನದಲ್ಲಿ ಆಕೆ ತ್ರಿಲೋಕವಟಂಸಕಾದೇವಿ, ದೊರೆಯ ಪ್ರೀತಿಯ ಮಡದಿ. ಆಕೆಯ ಹುಟ್ಟೂರು, ರೂಪ, ವಯಸ್ಸು ಯಾವುದೂ ಅಲ್ಲಿಲ್ಲ. ಸ್ವತ್ತಿನ ವಿವರ ಮಾತ್ರ ಸ್ಪಷ್ಟವಾಗಿದೆ. ದೊರೆ ಆಕೆಗೆ ಮೂರು ಹಳ್ಳಿಗಳ ದಾಸರನ್ನು ಕೊಟ್ಟಿದ್ದನು. ಆಕೆ ತೀರಿಕೊಂಡಾಗ ಆಕೆಯ ಒಡವೆಗಳನ್ನೂ ಆ ಹಳ್ಳಿಗಳನ್ನೂ ಮಗನಿಗೆ ವಹಿಸಿದನು. ಇಪ್ಪತ್ತೆಂಟು ವರ್ಷ ಆಳಿದ ದೊರೆ ಮರಣಶಯ್ಯೆಯಲ್ಲಿದ್ದಾಗ, ರಾಜಕುಮಾರನು ಚಿನ್ನದ ಬುದ್ಧವಿಗ್ರಹವನ್ನು ಮಾಡಿಸಿ ತಂದು, ತಾಯಿಯಿಂದ ಬಂದ ಮೂರೂ ಹಳ್ಳಿಗಳನ್ನು ಅದಕ್ಕೆ ಅರ್ಪಿಸುವುದಾಗಿ ತಿಳಿಸಿದನು. ದೊರೆ ಸಾಧು ಸಾಧು ಎಂದು ಮೆಚ್ಚಿ, ಹಿರಿಯ ಬೌದ್ಧ ಭಿಕ್ಷುಗಳಾದ ಮಹಾಥೇರರ ಸಮ್ಮುಖದಲ್ಲಿ ಭೂಮಿಯನ್ನು ಸಾಕ್ಷಿಯಾಗಿಸಿ ನೀರೆರೆದನು. ದಾನವನ್ನು ಧಾರೆಯೆರೆದು ಕೊಡುವ ಪದ್ಧತಿಯನ್ನು ಬಲ್ಲ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊನೆಗೊಂದು ಶಾಪಾಶಯವೂ ಇದೆ: ನಮ್ಮ ಶಾಸನಗಳು ದತ್ತಿ ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲೆಂದರೆ, ರಾಜಕುಮಾರನು ಈ ದಾಸರನ್ನು ಪೀಡಿಸುವವನು ತನ್ನ ಮಗನಾಗಲಿ ಮೊಮ್ಮಗನಾಗಲಿ, ಮುಂದೆ ಅವತರಿಸುವ ಮೈತ್ರೇಯ ಬುದ್ಧನ ದರ್ಶನ ಅವನಿಗಾಗದಿರಲೆಂದು ಶಪಿಸುತ್ತಾನೆ. ಆದರೆ ರಾಣಿಯಿಂದ ಮಗನಿಗೆ, ಮಗನಿಂದ ದೇಗುಲಕ್ಕೆ ಒಡವೆಗಳಂತೆಯೇ ಕೈಬದಲಾದ ಆ ಮೂರು ಹಳ್ಳಿಗಳ ಜನರಲ್ಲಿ ಒಬ್ಬರ ಹೆಸರನ್ನೂ ಕಲ್ಲು ಹೇಳುವುದಿಲ್ಲ. ಶಾಸನವನ್ನು ಮೆಚ್ಚುವಾಗ ಇದನ್ನು ಮರೆಯಲಾಗದು.

ಇನ್ನು ಪಟ್ಟದ ವಿಚಾರ. ವೃತ್ತಾಂತಗಳ ಪ್ರಕಾರ, ತಂಬುಲಾ ಮಗನೊಡನೆ ಅರಮನೆಗೆ ಬರುವಷ್ಟರಲ್ಲಿ ದೊರೆ ತನ್ನ ಮಗಳ ಮಗ ಅಲಾಂಗ್‌ಸಿತ್ತುವನ್ನು ಉತ್ತರಾಧಿಕಾರಿಯೆಂದು ಸಾರಿಬಿಟ್ಟಿದ್ದನು, ಕೊಟ್ಟ ಮಾತನ್ನು ಹಿಂತೆಗೆಯಲಿಲ್ಲ. ಶಾಸನದಲ್ಲಿ ಈ ಕುರಿತು ಅಸಮಾಧಾನದ ಒಂದು ಮಾತೂ ಇಲ್ಲ. ದೊರೆಯ ನಂತರ ಅಲಾಂಗ್‌ಸಿತ್ತು ಪಟ್ಟವೇರಿದನು. ರಾಜಕುಮಾರನು ಅದೇ ಮ್ಯಿಂಕಬಾದಲ್ಲಿ ಆ ವಿಗ್ರಹಕ್ಕಾಗಿ ಚಿನ್ನದ ಕಳಶವಿರುವ ಗುಹಾಲಯವನ್ನು ಕಟ್ಟಿಸಿದನು. ಗುಬ್ಯಾಕ್‌ಜಿ ಎಂಬ ಆ ದೇಗುಲದ ಗೋಡೆಗಳಲ್ಲಿ ಜಾತಕಕಥೆಗಳ ಚಿತ್ರಗಳೂ ಅವುಗಳ ಕೆಳಗಿನ ಮೋನ್ ಬರಹಗಳೂ ಇಂದಿಗೂ ಉಳಿದಿವೆ.