ಕುರಿ ಮೂಗಿನ ಹುಳಕ್ಕೆ ಹಣೆ ಸುಡಬೇಡಿ

ಪ್ರಶ್ನೆ: ನಮ್ಮ ಕೆಂಗುರಿಗಳು ಸೀನುತ್ತಿವೆ, ಗಟ್ಟಿ ಸಿಂಬಳ. ಒಂದು ಸೀನಿದಾಗ ದಪ್ಪ ಹುಳ ಬಿತ್ತು. ಮಿದುಳಿಗೆ ಹುಳ ಬಿದ್ದಿದೆ, ಬರೆ ಹಾಕಿ ಅಂತಾರೆ. ಮೂಗಿಗೆ ತಂಬಾಕು ನೀರು ಬಿಡಲೇ?
– ಕುಷ್ಟಗಿ ತಾಲ್ಲೂಕಿನ ಓದುಗರು

ಬರೆಯೂ ಬೇಡ, ತಂಬಾಕು ನೀರೂ ಬೇಡ. ಈ ಪ್ರಶ್ನೆ ನನ್ನ ಕೈಗೆ ಬರುವಷ್ಟರಲ್ಲಿ ಎಷ್ಟೋ ಕುರಿಗಳ ಹಣೆ ಸುಟ್ಟಾಗಿರುತ್ತದೆ. ನನಗೆ ಸಿಟ್ಟು ಬರುವುದೇ ಇದಕ್ಕೆ.

ಆ ಹುಳ ಮಿದುಳಿನದ್ದಲ್ಲ. ಈಸ್ಟ್ರಸ್ ಓವಿಸ್ ಎಂಬ ಬೂದು ನೊಣದ ಮರಿ ಅದು. ಈ ನೊಣ ಮೊಟ್ಟೆ ಇಡುವುದಿಲ್ಲ. ಹಾರುತ್ತಲೇ ಕುರಿಯ ಹೊಳ್ಳೆಗೆ ಜೀವಂತ ಮರಿಗಳನ್ನು ಚಿಮ್ಮಿಸುತ್ತದೆ. ಬಿಸಿಲಲ್ಲಿ ಕುರಿಗಳು ಒಂದರ ಹೊಟ್ಟೆ ಕೆಳಗೆ ಇನ್ನೊಂದು ತಲೆ ತೂರಿಸಿ ನಿಲ್ಲುತ್ತವೆ ಅಲ್ವಾ? ಅದು ಬರೀ ನೆರಳಿಗಲ್ಲ, ಈ ನೊಣದಿಂದ ಮೂಗು ಉಳಿಸಿಕೊಳ್ಳಲೂ ಹೌದು.

ಮರಿ ಮೊದಲು 1 ಮಿ.ಮೀ. ಇರುತ್ತದೆ. ಮೂಗಿನೊಳಗೆ ತೆವಳಿ ಹಣೆ ಮೂಳೆಯ ಪೊಳ್ಳಿಗೆ ಸೇರುತ್ತದೆ. ಎರಡು ಸಲ ಪೊರೆ ಕಳಚಿ 2–3 ಸೆಂ.ಮೀ. ಬೆಳೆಯುತ್ತದೆ. ಅದರ ಬಾಯಿಕೊಕ್ಕೆ, ಮೈಮುಳ್ಳು ಒಳಪೊರೆಯನ್ನು ಕೆರೆಯುವುದಕ್ಕೇ ಈ ಸಿಂಬಳ. ಬೆಚ್ಚನೆ ಕಾಲದಲ್ಲಿ ಸುಮಾರು ಒಂದು ತಿಂಗಳಿಗೆ ಬಲಿಯುತ್ತದೆ, ಚಳಿಯಿದ್ದರೆ ತಿಂಗಳುಗಟ್ಟಲೆ ಒಳಗೇ ಕೂರುತ್ತದೆ. ಬಲಿತದ್ದು ಸೀನಿನ ಜೊತೆ ಬಿದ್ದು, ಮಣ್ಣಿಗಿಳಿದು ಕೋಶವಾಗಿ, ಕೆಲವು ವಾರಗಳಲ್ಲಿ ನೊಣವಾಗುತ್ತದೆ. ಆ ನೊಣ ಏನನ್ನೂ ತಿನ್ನುವುದಿಲ್ಲ, ಮರಿ ಹಾಕುವುದೊಂದೇ ಅದರ ಕೆಲಸ. ಹಾಗಾಗಿ ಬಿದ್ದ ಹುಳವನ್ನು ಸುಮ್ನೆ ನೋಡುತ್ತಾ ನಿಲ್ಲಬೇಡಿ, ತುಳಿದು ಸಾಯಿಸಿ.

ತಂಬಾಕು ನೀರು, ಸೀಮೆಎಣ್ಣೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗಿ ಕುರಿ ಸಾಯುತ್ತದೆ. ಬರೆಯ ಬಿಸಿಯಿಂದ ಹುಳ ಹೋಗುವುದಿಲ್ಲ, ಗಾಯ ಉಳಿಯುತ್ತದೆ. ಐವರ್‌ಮೆಕ್ಟಿನ್ ಚುಚ್ಚುಮದ್ದು ಅಥವಾ ಬಾಯಿಗೆ ಕುಡಿಸುವ ಕ್ಲೋಸಾಂಟೆಲ್ ಹುಳವನ್ನು ಕೊಲ್ಲುತ್ತದೆ. ಅಳತೆ ಬರೆಯುವುದಿಲ್ಲ, ಕೇಳಲೂಬೇಡಿ. ಕ್ಲೋಸಾಂಟೆಲ್ ಜಾಸ್ತಿಯಾದರೆ ಕುರಿಯ ಕಣ್ಣೇ ಹೋಗಬಹುದು. ತೂಕ ನೋಡಿ ಪಶುವೈದ್ಯರೇ ಕೊಡಲಿ, ಸೀನುವ ಒಂದೆರಡಕ್ಕಲ್ಲ, ಇಡೀ ಹಿಂಡಿಗೆ.

ಕುರಿ ಒಂದೇ ಕಡೆ ಸುತ್ತು ತಿರುಗುತ್ತಿದ್ದರೆ ನಾಯಿಯ ಲಾಡಿಹುಳದ ಮರಿ ಮಿದುಳಿನಲ್ಲಿ ನೀರುಗುಳ್ಳೆ ಕಟ್ಟಿರಬಹುದು. ಅದು ಮೂಗಿನಿಂದ ಬೀಳುವುದಿಲ್ಲ. ಸತ್ತ ಕುರಿಯ ತಲೆಯನ್ನು ನಾಯಿಗೆ ಹಾಕಲೇಬೇಡಿ.

ಪ್ರಶ್ನೆ: ಸೊಳ್ಳೆ ಕಚ್ಚಿ ಮನುಷ್ಯರ ಚರ್ಮದಲ್ಲಿ ಹುಳ ಬೆಳೆಯುವ ವಿಡಿಯೋ ನೋಡಿದೆ. ನಮಗೂ ಬರುತ್ತಾ?
– ಮಾನ್ವಿ

ಆ ಹುಳ ಸೊಳ್ಳೆಯದಲ್ಲ, ಸೊಳ್ಳೆಯ ಮೈಗೆ ತನ್ನ ಮೊಟ್ಟೆ ಅಂಟಿಸಿ ಕಳಿಸುವ ಒಂದು ನೊಣದ ಮರಿ. ಆ ನೊಣ ಇರುವುದು ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗೆ. ಮಾನ್ವಿಯಲ್ಲಿ ಇಲ್ಲ.

ಪ್ರಶ್ನೆ: ಕುರಿ ಕಾಯುವಾಗ ಕಣ್ಣಿಗೆ ಏನೋ ಬಡಿಯಿತು. ಈಗ ಒಳಗೆ ಹರಿದಾಡಿದಂತಿದೆ.
– ಸಿರುಗುಪ್ಪ

ಅದೇ ಕುರಿ ನೊಣ ಮರಿ ಬಿಟ್ಟಿರಬಹುದು. ಮನುಷ್ಯರಲ್ಲಿ ಅವು ಬಲಿಯುವುದಿಲ್ಲ, ಆದರೆ ಕೊಕ್ಕೆಯಿಂದ ಕಣ್ಣಿಗೆ ಹಿಡಿದುಕೊಂಡಿರುತ್ತವೆ. ಉಜ್ಜಬೇಡಿ, ಎದೆಹಾಲು, ಸೊಪ್ಪಿನ ರಸ ಹಾಕಬೇಡಿ. ಇವತ್ತೇ ಕಣ್ಣಿನ ಡಾಕ್ಟರ ಬಳಿ ಹೋಗಿ ತೆಗೆಸಿಕೊಳ್ಳಿ.