ಶುಕ್ರವಾರ ಸಂಜೆಯ ಬಸ್

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಆಕೆಯನ್ನು ಗಿರಿಜಮ್ಮ ಎಂದು ಕರೆಯೋಣ. ವಯಸ್ಸು 45ರ ಆಸುಪಾಸು, ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯವರು. ಗಂಡನಿಗೆ ಬಾಯಿ ಕ್ಯಾನ್ಸರ್. 20 ವರ್ಷ ಗುಟ್ಕಾ ಅಗಿದಿದ್ದರು. ಬೆಂಗಳೂರಿನಲ್ಲಿ ಕೆನ್ನೆಯ ಆಪರೇಷನ್ ಆಗಿ, 30 ಸಲದ ರೇಡಿಯೇಷನ್ ನಡೆಯುತ್ತಿತ್ತು. ನಮ್ಮ ಜನ ಇದಕ್ಕೆ ‘ಕರೆಂಟ್ ಕೊಡಿಸೋದು’ ಅನ್ನುತ್ತಾರೆ. ವಾರಕ್ಕೆ ಐದು ದಿನ ಕರೆಂಟ್, ಶನಿವಾರ ಭಾನುವಾರ ಬಿಡುವು. ಗಂಡ ಹೆಂಡತಿ ಇಬ್ಬರೂ ಧರ್ಮಶಾಲೆಯಲ್ಲಿದ್ದರು.

ರೋಗಿಗಳ ಮತ್ತು ಅವರ ಮನೆಯವರ ಮನಸ್ಸಿನ ಕಷ್ಟ ಕೇಳುವ ಆಪ್ತಸಮಾಲೋಚಕಿ ನಾನು. ನನ್ನ ಹತ್ತಿರ ಬಂದವರು, "ನಂಗೇನಿಲ್ಲ ಮೇಡಂ, ನರ್ಸ್ ಹೋಗು ಅಂದ್ರು, ಬಂದೆ" ಎಂದೇ ಕೂತರು. ಆಮೇಲೆ ಗಂಡನ ಗಾಯ, ಗಂಡನ ನಿದ್ದೆ, ಮೂಗಿನ ಟ್ಯೂಬಿನಲ್ಲಿ ಗಂಜಿ ಹಾಕುವುದು, ಇಷ್ಟೇ ಮಾತು. ನಾನು ಕೇಳಿದೆ: "ಅಮ್ಮಾ, ನೀವು ಕೂತ್ಕೊಂಡು ಸಮಾಧಾನವಾಗಿ ಊಟ ಮಾಡಿದ್ದು ಯಾವತ್ತು?"

ಆಗ ಅಳು ಬಂತು. ಹಿಂದಿನ ರಾತ್ರಿ ಗಂಜಿ ಚೆಲ್ಲಿ ಹಾಸಿಗೆಯೆಲ್ಲ ಒದ್ದೆಯಾಗಿತ್ತಂತೆ. ಗಂಡನ ಮೇಲೆ ಕೂಗಾಡಿದ್ದರು. "ಇದು ಹೆಂಗಾದ್ರೂ ಮುಗುದ್ರೆ ಸಾಕಪ್ಪ ಅನ್ಸಿಬಿಡ್ತು ಮೇಡಂ. ನಾನು ಮನುಷ್ಯಳಾ?"

ಈ ಮಾತನ್ನು ನಾನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಮೂರು ತಿಂಗಳು ನೆಲದ ಮೇಲೆ ಮಲಗಿ, ಗಂಟೆಗೊಮ್ಮೆ ಎದ್ದವರಿಗೆ ಹೀಗೆ ಅನ್ನಿಸುತ್ತದೆ. ಮುಗಿಯಲಿ ಅಂದಿದ್ದು ಆ ಕಷ್ಟ, ಗಂಡನ ಜೀವ ಅಲ್ಲ ಎಂದೆ. ನಿಮಗೇ ಸಾಯಬೇಕು ಅನ್ನಿಸಿದೆಯಾ ಎಂದೂ ನೇರವಾಗಿ ಕೇಳಿದೆ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಇಲ್ಲ ಅಂದರು. ಆದರೂ ಮನಸ್ಸಿನ ಕಷ್ಟಕ್ಕೆ ಸರ್ಕಾರ ನಡೆಸುವ ಸಹಾಯವಾಣಿ ಟೆಲಿ ಮನಸ್‌ನ 14416 ನಂಬರನ್ನು ಅವರ ಫೋನಿನಲ್ಲಿ ಹಾಕಿಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಇನ್ನು ಬೇಕಿದ್ದಿದ್ದು ವಿಶ್ರಾಂತಿ. ರೋಗಿಗಳಿಗೂ ಮನೆಯವರಿಗೂ ನಡೆಯುವ ಎರಡು ದಿನದ ಶಿಬಿರವೊಂದರ ಬಗ್ಗೆ ಹೇಳಿದೆ. ಪ್ರಾಣಾಯಾಮ, ಹಾಡು, ಗುಂಪಿನಲ್ಲಿ ಮಾತು. ಎಷ್ಟೋ ಜನರಿಗೆ ಅದರಿಂದ ಒಳ್ಳೆಯದಾಗಿದೆ. ಗಿರಿಜಮ್ಮ ತಲೆಯಲ್ಲಾಡಿಸಿದರು. "ಅಲ್ಲೂ ಕ್ಯಾನ್ಸರ್ ಮಾತೇ ಅಲ್ವಾ?" ಯಾರೋ ಕರುಣಾಶ್ರಯದ ಹೆಸರು ಹೇಳಿದ್ದರಂತೆ, ಅದಕ್ಕೂ ಹೆದರಿದ್ದರು. ಅದು ಗುಣವಾಗದ ಹಂತಕ್ಕೆ ಬಂದವರನ್ನು ಹಣ ಪಡೆಯದೆ ನೋಡಿಕೊಳ್ಳುವ ಒಳ್ಳೆಯ ಜಾಗ, ನಿಮ್ಮ ಯಜಮಾನರಿಗೆ ಈಗ ನಡೆದಿರುವುದು ಗುಣಪಡಿಸುವ ಚಿಕಿತ್ಸೆ ಎಂದು ಬಿಡಿಸಿ ಹೇಳಿದೆ.

"ಹಾಗಾದ್ರೆ ಎಲ್ಲಿಗೆ ಹೋದ್ರೆ ನಿದ್ದೆ ಬರುತ್ತೆ?"

"ತೌರಿಗೆ" ಅಂದರು. ಹಿರಿಯೂರು ಕಡೆ ತಾಯಿ ಇದ್ದಾರೆ. ನಾಲ್ಕು ತಿಂಗಳಿಂದ ಹೋಗಿಲ್ಲ. ಗಂಡನನ್ನು ಬಿಟ್ಟು ತವರಿಗೆ ಹೋದಳು ಅಂತ ಜನ ಆಡಿಕೊಳ್ಳುತ್ತಾರೆ ಎಂಬ ಭಯ.

ಮೈದುನನಿಗೆ ಫೋನ್ ಮಾಡಿಸಿದೆವು. ಆತ ಗುರುವಾರವೇ ಬಂದ. ನರ್ಸ್ ಹತ್ತಿರ ನಿಂತು ಟ್ಯೂಬಿನ ಕೆಲಸ ಕಲಿತ: ತಲೆ ಕಡೆ ಎತ್ತರ ಮಾಡಿ ಕೂರಿಸುವುದು, ಗಂಜಿ ನಿಧಾನ ಬಿಡುವುದು, ಆಮೇಲೆ ನೀರು ಹಾಕಿ ಟ್ಯೂಬ್ ತೊಳೆಯುವುದು, ಅರ್ಧ ಗಂಟೆಯಾದರೂ ಮಲಗಿಸದಿರುವುದು. ಎರಡು ಸಲ ಗಿರಿಜಮ್ಮನ ಎದುರೇ ಮಾಡಿದ. ಅದನ್ನು ನೋಡದೆ ಆಕೆ ಹೊರಡುತ್ತಲೇ ಇರಲಿಲ್ಲ.

ನನಗೆ ಜಾಸ್ತಿ ಚಿಂತೆಯಿದ್ದದ್ದು ಗಂಡನ ಬಗ್ಗೆ. ಸುಮ್ನೆ ಹೇಳಿ ಹೋಗುವುದು ಬೇಡ, ಅವರನ್ನೇ ಕೇಳಿ ಎಂದಿದ್ದೆ. ಆಪರೇಷನ್ ಆದಮೇಲೆ ಅವರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ, ಸ್ಲೇಟಿನಲ್ಲಿ ಬರೆಯುತ್ತಿದ್ದರು. ಅವತ್ತು ಬರೆದರು: "ಹೋಗಿ ಬಾ. ನೀನು ಸೊರಗೋದು ನೋಡೋಕೆ ಆಗ್ತಿಲ್ಲ." ತನ್ನಿಂದ ಹೆಂಡತಿ ಹೀಗಾದಳು ಅನ್ನುವ ಸಂಕಟ ಆತನಿಗೂ ಇತ್ತು. ಅದನ್ನು ಹೇಳಲು ಯಾರೂ ಬಿಟ್ಟಿರಲಿಲ್ಲ.

ಶುಕ್ರವಾರ ಕರೆಂಟ್ ಮುಗಿಸಿ ಗಿರಿಜಮ್ಮ ಬಸ್ ಹತ್ತಿದರು. ದಿನಕ್ಕೆ ಒಂದೇ ಸಲ ಫೋನ್, ಅದೂ ಸಂಜೆ ಎಂದು ನಾವು ಮಾತಾಡಿಕೊಂಡಿದ್ದೆವು. ತಾಯಿ ತಲೆಗೆ ಹರಳೆಣ್ಣೆ ಒತ್ತಿ ನೀರು ಹಾಕಿದರಂತೆ. ಬಚ್ಚಲಲ್ಲೇ ಮನಸಾರೆ ಅತ್ತರಂತೆ. ಆಮೇಲೆ ಮಲಗಿದವರು ಮಾರನೇ ದಿನ ಮಧ್ಯಾಹ್ನ ಎದ್ದರು.

ಸೋಮವಾರ ಬಂದಾಗ ಕೈಯಲ್ಲಿ ಹುರಿಹಿಟ್ಟಿನ ಡಬ್ಬ ಇತ್ತು. ಇದನ್ನು ಟ್ಯೂಬಿಗೆ ಹಾಕಬಹುದಾ ಎಂದು ಆಹಾರ ತಜ್ಞರನ್ನು ಕೇಳಲು ಹೊರಟಿದ್ದರು. ಸಿಟ್ಟು ಈಗಲೂ ಬರುತ್ತದೆ ಮೇಡಂ ಅಂದರು. ಬಂದಾಗ ಗಂಜಿ ಲೋಟ ಕೆಳಗಿಟ್ಟು, ನಲ್ಲಿಯವರೆಗೆ ಹೋಗಿ ಮುಖ ತೊಳೆದು ಬನ್ನಿ, ಐದು ನಿಮಿಷಕ್ಕೆ ಏನೂ ಆಗಲ್ಲ ಎಂದೆ. ಹದಿನೈದು ದಿನ ಬಿಟ್ಟು ಮತ್ತೆ ಹೋಗುವುದು ಎಂದು ಮೂವರೂ ಒಪ್ಪಿದರು.

ಆ ಶುಕ್ರವಾರ ಬೆಳಿಗ್ಗೆ ನಾನು ಧರ್ಮಶಾಲೆಗೆ ಹೋದಾಗ ಸ್ಲೇಟಿನಲ್ಲಿ ಆಗಲೇ ಬರೆದಿತ್ತು: "ಬಸ್ ಎಷ್ಟು ಗಂಟೆಗೆ?"