ಹಳೇ ಕ್ಯಾಬಿನೆಟ್‌ಗೆ ಗಾಳಿ ಎಲ್ಲಿಂದ?

ಪ್ರಶ್ನೆ: ಅಪ್ಪ 1994ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೋಡಿಸಿ ತಂದ 486 ಕಂಪ್ಯೂಟರಿನ ಕ್ಯಾಬಿನೆಟ್ ಅಟ್ಟದ ಮೇಲಿದೆ. ಒಳಗಿನದೆಲ್ಲ ಹಾಳಾಗಿದೆ. ಅದರಲ್ಲಿ ರೈಜನ್ 5600ಜಿ ಪ್ರೊಸೆಸರ್ ಕೂರಿಸುವ ಆಸೆ. ಬಿಸಿ ತಡೆಯುತ್ತಾ? ಮುಂದಿನ ಪ್ಲಾಸ್ಟಿಕ್ ಕೊರೆಯಲು ಮನಸ್ಸಿಲ್ಲ.
— ಒಬ್ಬ ಓದುಗ, ದಾವಣಗೆರೆ

ಉತ್ತರ: ಕೊರೆಯಲೇಬೇಡಿ. ಆ ಕಾಲದ ಪ್ಲಾಸ್ಟಿಕ್ ಈಗ ಮುಟ್ಟಿದರೆ ಚಟ್ ಅನ್ನುತ್ತೆ.

486 ಚಿಪ್ ತಿನ್ನುತ್ತಿದ್ದದ್ದು ಸುಮಾರು ಐದಾರು ವ್ಯಾಟ್. ಇಡೀ ಡಬ್ಬಿಗೆ ಎಸ್‌ಎಂಪಿಎಸ್‌ನ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆಯ) ಒಂದೇ ಫ್ಯಾನ್ ಸಾಕಾಗುತ್ತಿತ್ತು. ನಿಮ್ಮದು 65 ವ್ಯಾಟಿನ ಚಿಪ್. ಗ್ರಾಫಿಕ್ಸ್ ಒಳಗೇ ಇದೆ, ಬೇರೆ ಕಾರ್ಡ್ ಬೇಡ, ಅದೊಂದು ಪುಣ್ಯ.

ಗಾಳಿಗಿಂತ ಮೊದಲು ಪವರ್ ಬಟನ್ ನೋಡಿ. ಎಟಿ ಅನ್ನುವ ಆ ಕಾಲದ ಮಾದರಿಯ ಕ್ಯಾಬಿನೆಟ್‌ಗಳಲ್ಲಿ ಅದಕ್ಕೆ ನೇರ 230 ವೋಲ್ಟ್ ಬರುತ್ತಿತ್ತು. ಆ ದಪ್ಪ ವೈರುಗಳನ್ನು ಹಳೇ ಎಸ್‌ಎಂಪಿಎಸ್ ಜೊತೆಗೇ ತೆಗೆದುಬಿಡಿ. ಹೊಸ ಮದರ್‌ಬೋರ್ಡಿಗೆ ಆ ಬಟನ್ ಯಾವ ಕಾರಣಕ್ಕೂ ಸಿಕ್ಕಿಸಬೇಡಿ. ಒತ್ತಿ ಬಿಟ್ಟರೆ ವಾಪಸ್ ಬರುವ ಸ್ವಿಚ್ ಬೇಕು, ರೀಸೆಟ್ ಬಟನ್ ಅಂಥದ್ದೇ. ಅದರ ಎರಡು ವೈರನ್ನು ಬೋರ್ಡಿನ ಪವರ್ ಸ್ವಿಚ್ ಪಿನ್‌ಗೆ ಕೊಡಿ, ಕೆಲಸ ಆಯ್ತು.

170 ಮಿ.ಮೀ. ಚೌಕದ ಮಿನಿ-ಐಟಿಎಕ್ಸ್ ಬೋರ್ಡ್ ತಗೊಳ್ಳಿ. ಹಳೇ ತೂತುಗಳೆಲ್ಲ ಇದಕ್ಕೆ ಸೇರುತ್ತವೆ ಅಂದುಕೊಳ್ಳಬೇಡಿ. ಬೋರ್ಡ್ ಇಟ್ಟು ಗುರುತು ಹಾಕಿ, ಹಿತ್ತಾಳೆ ಸ್ಟ್ಯಾಂಡ್‌ಆಫ್ (ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಪುಟ್ಟ ಕಂಬ) ಹಾಕಿಸಿ. ಬೋರ್ಡಿನ ಅಡಿ ಹಳೇ ಸ್ಟ್ಯಾಂಡ್‌ಆಫ್ ಒಂದು ಉಳಿದರೂ ಶಾರ್ಟ್ ಆಗಬಹುದು. ಹಿಂದುಗಡೆ ಕೀಬೋರ್ಡಿನ ದುಂಡು ತೂತು ಬಿಟ್ಟರೆ ಹೊಸ ಬೋರ್ಡಿನ ಪೋರ್ಟುಗಳಿಗೆ ಕಿಂಡಿ ಇರೋದಿಲ್ಲ, ಅಲ್ಲಿ ತಗಡು ಕತ್ತರಿಸಲೇಬೇಕು. ಆಗ ಡಬ್ಬಿ ಪೂರ್ತಿ ಖಾಲಿ ಇರಲಿ. ಕಬ್ಬಿಣದ ಪುಡಿ ಬೋರ್ಡ್ ಮೇಲೆ ಬಿದ್ದರೆ ಮುಗೀತು.

ಸಣ್ಣ ಟವರ್‌ಗಳಲ್ಲಿ ಎಸ್‌ಎಂಪಿಎಸ್ ಪ್ರೊಸೆಸರ್ ಮೇಲೇ ಚಾಚಿಕೊಂಡಿರುತ್ತೆ. ಹಾಗಿದ್ದರೆ ಎಸ್‌ಎಫ್‌ಎಕ್ಸ್ ಅನ್ನುವ ಸಣ್ಣ ಅಳತೆಯದು ಹಾಕಿ, ಉದ್ದ 140ರಿಂದ 100 ಮಿ.ಮೀ.ಗೆ ಇಳಿಯುತ್ತೆ. ಕೂಲರ್ ಕುಳ್ಳಗಿರಲಿ.

ಈಗ ಗಾಳಿ. ಮುಂದಿನ ಪ್ಲಾಸ್ಟಿಕ್ ಬಿಚ್ಚಿ, ಅದರ ಬೆನ್ನಿಗಿರುವ ತಗಡು ನೋಡಿ. ಕೆಳಗೆ ನಾಲ್ಕಾರು ಸಣ್ಣ ತೂತು ಇರುತ್ತವೆ ಅಷ್ಟೇ, ಫ್ಯಾನ್ ಎಷ್ಟು ಎಳೆದರೂ ಅಲ್ಲೇ ಉಸಿರು ಕಟ್ಟೋದು. ಆ ತಗಡನ್ನು ಕತ್ತರಿಸಿ, ಅಂಚಿಗೆ ರಬ್ಬರ್ ಬೀಡಿಂಗ್ ಹಾಕಿ, ಜಾಗವಿದ್ದರೆ 120 ಮಿ.ಮೀ. ಫ್ಯಾನ್ ಕೂರಿಸಿ. ಪ್ಲಾಸ್ಟಿಕ್ ಮತ್ತೆ ಮುಚ್ಚಿದರೆ ಹೊರಗಿಂದ ಏನೂ ಕಾಣಲ್ಲ. 80ರ ಫ್ಯಾನ್‌ಗಿಂತ ಇದರ ಬಾಯಿ ಎರಡು ಪಟ್ಟಿಗೂ ಜಾಸ್ತಿ, ಹಾಗಾಗಿ ನಿಧಾನಕ್ಕೆ ತಿರುಗಿದರೂ ಸಾಕು, ಸದ್ದೂ ಕಮ್ಮಿ. ಬಿಸಿ ಗಾಳಿ ಹೋಗಲು ಹಿಂದೆ ಮೇಲ್ಗಡೆ ಇನ್ನೊಂದು ಇರಲಿ. ಮುಚ್ಚಳ ತೆಗೆದು ಒಮ್ಮೆ, ಹಾಕಿ ಒಮ್ಮೆ ಉಷ್ಣಾಂಶ ನೋಡಿ. ಹತ್ತು ಡಿಗ್ರಿಗಿಂತ ಜಾಸ್ತಿ ಏರಿದರೆ ಗಾಳಿಯ ದಾರಿ ಇನ್ನೂ ಕಿರಿದು ಅಂತ ಅರ್ಥ.

ಮುಂದುಗಡೆ ಮೆಗಾಹರ್ಟ್ಜ್ ತೋರಿಸುವ ಅಂಕಿ ಇದ್ದರೆ ಬಿಸಾಡಬೇಡಿ. ಅದು ಯಾವತ್ತೂ ಏನನ್ನೂ ಅಳೆದಿದ್ದಲ್ಲ, ಅದರ ಬೆನ್ನಿನ ಜಂಪರ್ (ಪಿನ್‌ಗಳನ್ನು ಜೋಡಿಸುವ ಪುಟ್ಟ ಕ್ಲಿಪ್) ಹೇಳಿದ್ದನ್ನು ಸುಮ್ನೆ ತೋರಿಸುತ್ತಿತ್ತು. 5 ವೋಲ್ಟ್ ಕೊಟ್ಟು, ಜಂಪರ್ ಒಂದೊಂದೇ ಬದಲಿಸಿ ನೋಡಿ. ನಾನಾದರೆ 65 ಅಂತ ಇಡುತ್ತಿದ್ದೆ. ವ್ಯಾಟ್ ಲೆಕ್ಕವಾದರೂ ಸರಿ ಇರುತ್ತಲ್ವಾ?